ಹೆಸರು ಕೇಳಿದರೆ ಬೈಟ್ ತೋರಿಸಿದ ಪ್ರೋಗ್ರಾಮ್

ರಾಜ್ಯೋತ್ಸವ ಮುಗಿದು ಒಂದು ವಾರವಾಗಿತ್ತು. ಬಾವುಟ, ಬ್ಯಾನರ್ ಎಲ್ಲ ಮಡಚಿ ಸಂಘದ ಕೋಣೆಯ ಮೂಲೆಗೆ ಸೇರಿಸಿ, ಐವತ್ತಡಿ ರಸ್ತೆ ಕಡೆ ಕಾಫಿಗೆ ಹೋಗೋಣ ಅಂತ ಎದ್ದಿದ್ದೆವು. ಅಷ್ಟರಲ್ಲಿ ಮೊದಲ ವರ್ಷದ ಹುಡುಗಿಯೊಬ್ಬಳು ಬಾಗಿಲಲ್ಲಿ ಬಂದು ನಿಂತಳು. "ಅಕ್ಕಾ, ನಂದು ಸರ್ಟಿಫಿಕೇಟ್ ಬಂದಿಲ್ರೀ." ಆಶುಭಾಷಣದಲ್ಲಿ ಎರಡನೇ ಬಹುಮಾನ ಅವಳದು. ವೇದಿಕೆ ಮೇಲೆ ಪುಸ್ತಕ ಕೊಟ್ಟು, ಪ್ರಮಾಣಪತ್ರ ಆಮೇಲೆ ಕೊಡ್ತೀವಿ ಅಂದಿದ್ದೆವು. ಆಮೇಲೆ ಹಂಚಿದ ಕಟ್ಟಿನಲ್ಲಿ ಅವಳದು ಇರಲೇ ಇಲ್ಲ.

ಪ್ರಮಾಣಪತ್ರ ತಯಾರಿಸೋದು ಒಂದು ಪೈಥಾನ್ ಪ್ರೋಗ್ರಾಮ್. ಹೆಸರಿನ ಪಟ್ಟಿ ಓದುತ್ತದೆ, ಖಾಲಿ ಜಾಗದಲ್ಲಿ ಹೆಸರು ಕೂರಿಸುತ್ತದೆ, ಆಗದಿದ್ದರೆ ಲಾಗ್ ಫೈಲ್‌ಗೆ ಬರೆಯುತ್ತದೆ. ಲಾಗ್ ತೆಗೆದು ನೋಡಿದೆವು. ನಾಲ್ಕು ಸಾಲು ದೋಷ ಇತ್ತು. ಯಾರ ಹೆಸರು ಅಂತ ನೋಡಿದರೆ ಹೆಸರೇ ಇಲ್ಲ. ಒಂದು ಇಂಗ್ಲಿಷ್ ಬಿ, ಒಂದು ಉದ್ಧರಣ ಚಿಹ್ನೆ, ಅಲ್ಲಿಂದ ಮುಂದೆ ಬ್ಯಾಕ್‌ಸ್ಲ್ಯಾಷ್ ಎಕ್ಸ್ ಇ-ಸೊನ್ನೆ, ಬ್ಯಾಕ್‌ಸ್ಲ್ಯಾಷ್ ಎಕ್ಸ್ ಬಿ-ಎರಡು ಅಂತ ಸಾಲುದ್ದಕ್ಕೂ ಇರುವೆ ಸಾಲು. ಕನ್ನಡ ಸಂಘದ ಪ್ರೋಗ್ರಾಮ್, ಕನ್ನಡದ ಹೆಸರು, ರಾಜ್ಯೋತ್ಸವದ ಪ್ರಮಾಣಪತ್ರ, ಆದರೆ ಎಡವಿದಾಗ ಅದು ಆಡಿದ್ದು ಯಾವ ಭಾಷೆ ಅಂತ ಯಾರಿಗೂ ಹೇಳೋಕಾಗಲಿಲ್ಲ.

ಇದು ತಮಾಷೆಯ ವಿಷಯ ಅಂತ ನಮಗೆ ಅನ್ನಿಸುತ್ತಿಲ್ಲ, ಅದಕ್ಕೇ ಈ ಲೇಖನ. ಹಳೇ ಪೈಥಾನ್ 2ರಿಂದ ಪೈಥಾನ್ 3ಕ್ಕೆ ಕೋಡ್ ತರುವಾಗ ಎಲ್ಲರೂ ಪ್ರಿಂಟ್‌ಗೆ ಆವರಣ ಹಾಕುತ್ತಾರೆ, ಭಾಗಾಕಾರ ಸರಿಮಾಡುತ್ತಾರೆ, ಎಕ್ಸೆಪ್ಷನ್ ಕ್ಲಾಸ್‌ಗಳ ಒಳಗೆ ಮಾತ್ರ ಯಾರೂ ಇಣುಕುವುದಿಲ್ಲ. ಅದು ತಪ್ಪು ಅಂತ ನಮ್ಮ ವಾದ. ಒಂದು ಎಕ್ಸೆಪ್ಷನ್ ಹೇಳುವ ಮಾತು ಮನುಷ್ಯರು ಓದೋಕೆ ಇರೋದು. ಅದು ಪಠ್ಯವಾಗಿರಬೇಕು, ಬೈಟ್‌ಗಳ ಮೂಟೆ ಆಗಿರಬಾರದು. ಅದು ಸರಿ ಇದೆಯೋ ಇಲ್ಲವೋ ಅಂತ ಕನ್ನಡ ಹಾಕಿ ನೋಡಬೇಕಾದವರು ಬೇರೆ ಯಾರೂ ಅಲ್ಲ, ನಾವೇ.

ಮೊದಲು ಬೈಟ್ ಅಂದರೇನು ಅಂತ ನಮ್ಮ ಏರಿಯಾದ ಹೆಸರಲ್ಲೇ ನೋಡಿಬಿಡೋಣ. "ಹನುಮಂತನಗರ" ಅಂತ ಬರೆಯಿರಿ. ಮನೆಯಲ್ಲಿ ಅಜ್ಜಿಯನ್ನು ಕೇಳಿದರೆ ಏಳು ಅಕ್ಷರ ಅಂತಾರೆ: ಹ, ನು, ಮಂ, ತ, ನ, ಗ, ರ. ಯೂನಿಕೋಡ್ ಲೆಕ್ಕದಲ್ಲಿ ಒಂಬತ್ತು, ಯಾಕೆಂದರೆ ನು ಒಳಗಿನ ಕೊಂಬು ಬೇರೆ, ಮಂ ಒಳಗಿನ ಸೊನ್ನೆ ಬೇರೆ. ಯುಟಿಎಫ್-8ರಲ್ಲಿ ಕಡತಕ್ಕೆ ಬರೆದಾಗ ಇದರಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 27. ಪೈಥಾನ್ 2ರಲ್ಲಿ ಸಾಮಾನ್ಯ ಉದ್ಧರಣ ಚಿಹ್ನೆಯೊಳಗೆ ಇದನ್ನು ಹಾಕಿ ಉದ್ದ ಕೇಳಿದರೆ 27 ಅನ್ನುತ್ತಿತ್ತು, ಪೈಥಾನ್ 3 ಒಂಬತ್ತು ಅನ್ನುತ್ತದೆ. ಅಜ್ಜಿಯ ಏಳನ್ನು ಇವತ್ತಿಗೂ ಎರಡೂ ಹೇಳುವುದಿಲ್ಲ, ಆ ಜಗಳ ಇನ್ನೊಂದು ದಿನ ಆಡೋಣ.

ಕನ್ನಡದ ವಿಭಾಗ ಯೂನಿಕೋಡ್‌ನಲ್ಲಿ 128 ಸ್ಥಾನಗಳದ್ದು. ಅದರಲ್ಲಿರುವ ಯಾವುದೇ ಚಿಹ್ನೆಯ ಮೊದಲ ಬೈಟ್ ಯಾವಾಗಲೂ 224, ಅಂದರೆ ಆ ಇ-ಸೊನ್ನೆ. ಹಾಗಾಗಿ ಪೈಥಾನ್ 2 ಕಾಲದಲ್ಲಿ ಕನ್ನಡದ ಜೊತೆ ಗುದ್ದಾಡಿದವರಿಗೆಲ್ಲ ಒಂದು ಎರರ್ ಬಾಯಿಪಾಠ: ಆಸ್ಕಿಗೆ ಇ-ಸೊನ್ನೆ ಬೈಟ್ ಅರ್ಥವಾಗುತ್ತಿಲ್ಲ, ಸ್ಥಾನ ಸೊನ್ನೆ. ಮೊದಲನೇ ಅಕ್ಷರದ ಮೊದಲನೇ ಬೈಟ್‌ಗೇ ಕೈ ಎತ್ತಿಬಿಡುತ್ತಿತ್ತು. (ತಮಿಳು, ಮಲಯಾಳ, ಹಿಂದಿಗೂ ಅದೇ ಇ-ಸೊನ್ನೆ. ಅಷ್ಟರಮಟ್ಟಿಗೆ ಗಡಿ ವಿವಾದ ಇಲ್ಲ.)

ಈಗ ಸೀನಿಯರ್‌ಗಳ ಕೋಡ್‌ಗೆ ಬರೋಣ. ಅವರು ಒಂದು ಎಕ್ಸೆಪ್ಷನ್ ಕ್ಲಾಸ್ ಬರೆದಿದ್ದರು. ಕಾರಣವನ್ನು, ಇಡೀ ಸಂದೇಶವನ್ನು, ಎರಡನ್ನೂ ಯುಟಿಎಫ್-8 ಬೈಟ್ ಮಾಡಿ ಒಳಗಿಟ್ಟು, ತಾಯಿ ಕ್ಲಾಸ್‌ಗೂ ಬೈಟನ್ನೇ ಕೊಡುತ್ತಿದ್ದರು. ನೋಡಿದ ತಕ್ಷಣ ನಾವು ನಕ್ಕೆವು. ಆಮೇಲೆ ಫೋನ್ ಮಾಡಿ ಕೇಳಿದಾಗ ನಗು ನಿಂತಿತು. "ಆಗ ಅದೇ ಸರಿ ಇತ್ತು ಕಣ್ರೋ. ನೀವು ಪೈಥಾನ್ 2ರಲ್ಲಿ ಯೂನಿಕೋಡ್ ಹಾಕಿ ರೈಸ್ ಮಾಡಿ ನೋಡಿ, ಆಮೇಲೆ ಮಾತಾಡಿ" ಅಂದರು.

ಮಾಡಿ ನೋಡಿದೆವು. ಅವರು ಹೇಳಿದ್ದು ನಿಜ. ಪೈಥಾನ್ 2ರಲ್ಲಿ ಎಕ್ಸೆಪ್ಷನ್ ಒಳಗೆ ಯೂನಿಕೋಡ್ ಕನ್ನಡ ಇಟ್ಟು, ಹಿಡಿದ ಮೇಲೆ ಅದರ ಮೇಲೆ ಸ್ಟರ್ ಕರೆದರೆ, ಪೈಥಾನ್ ಸದ್ದಿಲ್ಲದೆ ಆಸ್ಕಿಗೆ ಬದಲಿಸಲು ಹೋಗುತ್ತದೆ, ಆಗುವುದಿಲ್ಲ, ಯೂನಿಕೋಡ್ ಎನ್‌ಕೋಡ್ ಎರರ್ ಎಸೆಯುತ್ತದೆ. ಯೋಚನೆ ಮಾಡಿ: ದೋಷವನ್ನು ವರದಿ ಮಾಡುವ ಜಾಗದಲ್ಲೇ ಇನ್ನೊಂದು ದೋಷ. ಪೈಥಾನ್ 2ರಲ್ಲಿ ಎಕ್ಸೆಪ್ಷನ್‌ಗಳಿಗೆ ಸರಪಳಿ ಇರಲಿಲ್ಲ. ಎರಡನೆಯದು ಎದ್ದರೆ ಮೊದಲನೆಯದು ಟ್ರೇಸ್‌ಬ್ಯಾಕ್‌ನಿಂದ ಮಾಯ. ಬೆಂಕಿ ಬಿದ್ದಿದೆ ಅಂತ ಹೇಳೋಕೆ ಓಡಿಬಂದವನು ಹೊಸಿಲಲ್ಲಿ ಎಡವಿ ಬಿದ್ದರೆ, ಎಲ್ಲರೂ ಅವನ ಮಂಡಿ ನೋಡುತ್ತಾ ನಿಂತ ಹಾಗೆ. ಅದನ್ನು ತಪ್ಪಿಸಲು ಸೀನಿಯರ್‌ಗಳು ಮೊದಲೇ ಬೈಟ್ ಮಾಡಿಟ್ಟರು. ಟರ್ಮಿನಲ್ ಯುಟಿಎಫ್-8 ಆಗಿದ್ದರಿಂದ ಕನ್ನಡ ಚೆಂದವಾಗಿ ಕಾಣುತ್ತಿತ್ತು.

ಇದೇ ಕಷ್ಟ ದೊಡ್ಡವರಿಗೂ ಇತ್ತು. ವಿಕಿಪೀಡಿಯದಲ್ಲಿ ನೂರಾರು ಪುಟಗಳ ತಿದ್ದುಪಡಿಯನ್ನು ಯಾಂತ್ರಿಕವಾಗಿ ಮಾಡಲು ಬಳಸುವ ಪೈವಿಕಿಬಾಟ್ ಗೊತ್ತಿರಬಹುದು. ಕನ್ನಡ ವಿಕಿಪೀಡಿಯದಲ್ಲಿ ಪುಟದ ಹೆಸರುಗಳೇ ಕನ್ನಡದಲ್ಲಿರುತ್ತವೆ, ಆದ್ದರಿಂದ "ಈ ಪುಟ ಇಲ್ಲ" ಅನ್ನುವ ಪ್ರತಿ ದೋಷದೊಳಗೂ ಕನ್ನಡ ಇರಲೇಬೇಕು. ಎರಡೂ ಪೈಥಾನ್‌ಗಳಲ್ಲಿ ಓಡಬೇಕಾಗಿದ್ದ ಕಾಲದಲ್ಲಿ ಅವರ ಎರರ್ ಕ್ಲಾಸ್‌ಗೆ ಇಬ್ಬರು ಹೆತ್ತವರಿದ್ದರು: ಒಬ್ಬರು ಎಕ್ಸೆಪ್ಷನ್, ಇನ್ನೊಬ್ಬರು ಯೂನಿಕೋಡ್‌ಮಿಕ್ಸಿನ್. ಪೈಥಾನ್ 2ರಲ್ಲಿ ಕೇಳಿದರೆ ಈ ಮಿಕ್ಸಿನ್ ಯುಟಿಎಫ್-8 ಬೈಟ್ ಕೊಡುತ್ತಿತ್ತು, ಪೈಥಾನ್ 3ರಲ್ಲಿ ಕೇಳಿದರೆ ಪಠ್ಯವನ್ನೇ ಕೊಡುತ್ತಿತ್ತು. ಮಿಕ್ಸಿನ್ ಹೆಸರು ಮೊದಲು ಬರಲೇಬೇಕು ಅಂತ ಕ್ಲಾಸ್‌ನ ತಲೆಯ ಮೇಲೆ ಒಂದು ಟಿಪ್ಪಣಿಯೂ ಇತ್ತು. ಯಾಕೆಂದರೆ ಕ್ರಮ ತಪ್ಪಿದರೆ ಎಕ್ಸೆಪ್ಷನ್‌ನ ಸ್ಟರ್ ಮೊದಲು ಸಿಕ್ಕಿ ಮಿಕ್ಸಿನ್ ಇದ್ದೂ ಇಲ್ಲದಂತಾಗುತ್ತದೆ. ನಮಗೆ ಇಷ್ಟವಾದದ್ದು ಏನೆಂದರೆ, ಅವರು ಒಳಗೆ ಯಾವಾಗಲೂ ಪಠ್ಯವನ್ನೇ ಇಟ್ಟುಕೊಂಡಿದ್ದರು. ಬೈಟ್ ಆಗುವುದು ಬಾಗಿಲು ದಾಟುವಾಗ ಮಾತ್ರ. ಸೀನಿಯರ್‌ಗಳ ಕೋಡ್‌ಗೂ ಅದಕ್ಕೂ ಇದ್ದ ವ್ಯತ್ಯಾಸ ಇದೊಂದೇ. ಪೈಥಾನ್ ಬದಲಾದ ದಿನ ಅದೊಂದೇ ದೊಡ್ಡದಾಯಿತು.

ಲ್ಯಾಬ್‌ಗೆ ಹೊಸ ಲಿನಕ್ಸ್ ಬಂದಾಗ ಪೈಥಾನ್ 2 ಹೋಯಿತು. ಅದರ ಬೆಂಬಲ 2020ರ ಜನವರಿ 1ಕ್ಕೇ ಮುಗಿದಿತ್ತು, ಕೊನೆಯ ಬಿಡುಗಡೆ 2.7.18 ಅದೇ ವರ್ಷ ಏಪ್ರಿಲ್‌ನಲ್ಲಿ ಬಂದು ಅಂಗಡಿ ಬಾಗಿಲು ಹಾಕಿತು. ಪೈಥಾನ್ 3.0 ಬಂದದ್ದು 2008ರ ಡಿಸೆಂಬರ್‌ನಲ್ಲಿ, ಅಂದರೆ ತಯಾರಾಗಲು ಹನ್ನೊಂದು ವರ್ಷ ಇತ್ತು. ನಾವು ತಯಾರಾದದ್ದು ರಾಜ್ಯೋತ್ಸವದ ಹಿಂದಿನ ರಾತ್ರಿ. ಟು-ಟು-ತ್ರೀ ಅನ್ನುವ ಸಲಕರಣೆ ಓಡಿಸಿದೆವು. ಅದು ಎಕ್ಸೆಪ್ಟ್ ಸಾಲಿನ ಅಲ್ಪವಿರಾಮ ತೆಗೆದು ಆ್ಯಸ್ ಹಾಕಿತು, ಪ್ರಿಂಟ್‌ಗೆ ಆವರಣ ಹಾಕಿತು. ಪ್ರೋಗ್ರಾಮ್ ಓಡಿತು. ಟೆಸ್ಟ್ ಮಾಡಿದ್ದು ನಮ್ಮದೇ ಎರಡು ಮೂರು ಹೆಸರು ಹಾಕಿ. ಎಲ್ಲ ಬೆಂಗಳೂರು ಹೆಸರುಗಳು, ಒಂದು ಇನಿಷಿಯಲ್ ಮತ್ತು ಮೂರು ನಾಲ್ಕು ಅಕ್ಷರ. ಮಲಗಿದೆವು.

ಒಳಗೆ ಆದದ್ದು ಇದು. ಹೆಸರು ಜಾಗಕ್ಕಿಂತ ಉದ್ದವಾದರೆ ಕ್ಲಾಸ್ "ಉದ್ದ" ಅನ್ನುವ ಕಾರಣ ಇಟ್ಟು ಎಕ್ಸೆಪ್ಷನ್ ಎಸೆಯುತ್ತಿತ್ತು. ಹಿಡಿದವನು ಕಾರಣ "ಉದ್ದ"ವೇ ಅಂತ ಹೋಲಿಸಿ ನೋಡಿ, ಹೌದಾದರೆ ಅಕ್ಷರದ ಗಾತ್ರ ಇಳಿಸಿ ಮತ್ತೆ ಬರೆಯುತ್ತಿದ್ದ. ಪೈಥಾನ್ 2ರಲ್ಲಿ ಎರಡೂ ಕಡೆ ಬೈಟ್, ಆದ್ದರಿಂದ ಹೊಂದುತ್ತಿತ್ತು. ಪೈಥಾನ್ 3ರಲ್ಲಿ ಕ್ಲಾಸ್ ಒಳಗಿನದು ಬೈಟ್ ಆಗಿಯೇ ಉಳಿಯಿತು, ಏಕೆಂದರೆ ನಾವು ಎನ್‌ಕೋಡ್ ಸಾಲನ್ನು ಮುಟ್ಟಲಿಲ್ಲ. ಹೋಲಿಸುವ ಕಡೆ ಉದ್ಧರಣ ಚಿಹ್ನೆಯೊಳಗಿನ "ಉದ್ದ" ಮಾತ್ರ ತಾನಾಗಿ ಪಠ್ಯವಾಯಿತು. ಬೈಟ್‌ಗೂ ಪಠ್ಯಕ್ಕೂ ಪೈಥಾನ್ 3 ಎಂದೂ ಸಮ ಅನ್ನುವುದಿಲ್ಲ. ಸಮ ಅಲ್ಲ ಅಂತ ಕೂಗುವುದೂ ಇಲ್ಲ, ಸುಮ್ಮನೆ ಸುಳ್ಳು ಅನ್ನುತ್ತದೆ. ಹಾಗಾಗಿ ಉದ್ದ ಹೆಸರಿನವರೆಲ್ಲ "ಬೇರೆ ಏನೋ ದೋಷ" ಅನ್ನುವ ದಾರಿ ಹಿಡಿದು ಲಾಗ್‌ಗೆ ಬಿದ್ದರು.

ಉದ್ದ ಹೆಸರು ಯಾರದ್ದು? ಊರಿನ ಕಡೆಯಿಂದ ತಮ್ಮ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಮೂರನ್ನೂ ಪೂರ್ತಿ ಬರೆಸಿಕೊಂಡು ಬಂದವರದ್ದು. ಮೊದಲ ಬಾರಿ ಬೆಂಗಳೂರಿಗೆ ಬಂದು, ಧೈರ್ಯ ಮಾಡಿ ಕನ್ನಡ ಸಂಘದ ವೇದಿಕೆ ಹತ್ತಿದವರದ್ದು. ನಮ್ಮ ಟೆಸ್ಟ್ ಪಟ್ಟಿಯಲ್ಲಿ ಅಂಥವರ ಒಂದು ಹೆಸರೂ ಇರಲಿಲ್ಲ. ಇದನ್ನು ಬರೀ ತಾಂತ್ರಿಕ ತಪ್ಪು ಅಂತ ಕರೆದು ಕೈತೊಳೆದುಕೊಳ್ಳೋಕೆ ನಮಗೆ ಮನಸ್ಸಿಲ್ಲ.

ಲಾಗ್‌ನಿಂದಲಾದರೂ ಹೆಸರು ಸಿಗಬೇಕಿತ್ತಲ್ಲ? ಎಕ್ಸೆಪ್ಷನ್ ಒಳಗೆ ಬೈಟ್ ಇದ್ದು ಸ್ಟರ್ ಕರೆದರೆ ಪೈಥಾನ್ 3 ಅದನ್ನು ಬಿಡಿಸಿ ಓದುವುದಿಲ್ಲ, ಬೈಟ್‌ನ ಚಿತ್ರ ಬರೆದು ಕೊಡುತ್ತದೆ. ಒಂದು ಬೈಟ್‌ಗೆ ನಾಲ್ಕು ಚಿಹ್ನೆ. ನಮ್ಮ "ಹನುಮಂತನಗರ" 27 ಬೈಟ್, ಅಂದರೆ 108, ಮುಂದಿನ ಬಿ ಮತ್ತು ಎರಡು ಉದ್ಧರಣ ಚಿಹ್ನೆ ಸೇರಿ 111. ಏಳಕ್ಷರಕ್ಕೆ 111! ನಮ್ಮ ಲಾಗ್ ಸಾಲಿಗೆ 100ಕ್ಕೆ ಕತ್ತರಿ ಹಾಕುತ್ತದೆ. ಮುಂದೆ "ಉದ್ದ" ಅನ್ನುವ ಪದವೇ 48 ತಿಂದಿತ್ತು. ಉಳಿದದ್ದನ್ನು ಕೈಯಲ್ಲಿ ಬಿಡಿಸಿದಾಗ ಒಬ್ಬೊಬ್ಬರ ಹೆಸರಿನ ಮೊದಲ ನಾಲ್ಕು ಚಿಹ್ನೆ ಮಾತ್ರ ಸಿಕ್ಕಿತು. ಒಂದು ಸಾಲಿನಲ್ಲಿ "ಶಿವರ" ಅಂತ ಬಂತು. ಪಟ್ಟಿಯಲ್ಲಿ ಶಿವರಾಜರು ಮೂವರಿದ್ದರು.

ಇಲ್ಲಿ ಒಂದು ರಾತ್ರಿ ಜಗಳ ನಡೆಯಿತು. "ಎರರ್ ಮೆಸೇಜ್ ಇಂಗ್ಲಿಷ್‌ನಲ್ಲೇ ಬರೆದರೆ ಆಯ್ತಪ್ಪ, ಈ ಗೋಳೇ ಇರಲ್ಲ" ಅಂದ ನಮ್ಮಲ್ಲೊಬ್ಬ. ಅವನ ಮಾತಿನಲ್ಲಿ ಅರ್ಧ ಸತ್ಯ ಇದೆ. ಕಾರಣವನ್ನು ಇಂಗ್ಲಿಷ್‌ನಲ್ಲಿ ಬರೆಯಬಹುದು. ಆದರೆ ಹೆಸರು? ಫೈಲಿನ ಹೆಸರು? ವಿಕಿ ಪುಟದ ಹೆಸರು? ಎಕ್ಸೆಪ್ಷನ್‌ಗೆ ಬೆಲೆ ಬರೋದು ಯಾವ ದತ್ತಾಂಶದ ಮೇಲೆ ಎಡವಿತು ಅಂತ ಹೇಳಿದಾಗ, ಆ ದತ್ತಾಂಶ ಕನ್ನಡದ್ದು. ಅದನ್ನು ಬಿಟ್ಟು "ಏನೋ ತಪ್ಪಾಗಿದೆ" ಅನ್ನುವ ಮೆಸೇಜ್‌ಗಿಂತ ಮೌನ ವಾಸಿ.

ಇನ್ನೊಬ್ಬಳು, "ಬೈಟ್ ಚಿತ್ರದ ಮುಂದಿನ ಎರಡು, ಹಿಂದಿನ ಒಂದು ಚಿಹ್ನೆ ಕತ್ತರಿಸಿ ಇವ್ಯಾಲ್ ಮಾಡಿಬಿಡೋಣ" ಅಂದಳು. ಅವಳನ್ನು ಕಾಫಿ ತರೋಕೆ ಕಳಿಸಿದೆವು. ಮೂರನೆಯ ಸಲಹೆ ಇನ್ನೂ ಅಪಾಯದ್ದು, ಯಾಕೆಂದರೆ ಅದು ಕೆಲಸ ಮಾಡಿದಂತೆ ಕಾಣುತ್ತದೆ: ಬದಲಿಸುವಾಗ ಇಗ್ನೋರ್ ಅಂತ ಕೊಟ್ಟುಬಿಡೋದು. ಹನುಮಂತನಗರವನ್ನು ಇಗ್ನೋರ್ ಕೊಟ್ಟು ಆಸ್ಕಿಗೆ ಬದಲಿಸಿ, ಏನೂ ಉಳಿಯೋದಿಲ್ಲ, ಖಾಲಿ. ರಿಪ್ಲೇಸ್ ಕೊಟ್ಟರೆ ಒಂಬತ್ತು ಪ್ರಶ್ನಾರ್ಥಕ ಚಿಹ್ನೆ. ಲ್ಯಾಟಿನ್-1 ಅಂದುಕೊಂಡು ಓದಿದರೆ ಎಂದೂ ಎರರ್ ಬರೋದಿಲ್ಲ, 27 ಅಪರಿಚಿತ ಅಕ್ಷರ ಬರುತ್ತವೆ. ನುಡಿಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದವರಿಗೆ ಆ ಅನುಭವ ಗೊತ್ತು. ಫೈಲ್ ತೆರೆದುಕೊಂಡಿದೆ, ಏನೂ ಕೆಟ್ಟಿಲ್ಲ, ಒಂದಕ್ಷರ ಓದೋಕಾಗಲ್ಲ. ಬೈಟ್‌ಗೆ ತನ್ನಷ್ಟಕ್ಕೆ ಅರ್ಥ ಇರೋದಿಲ್ಲ. ಯಾವ ಕೀಲಿಯಿಂದ ಬರೆದರೋ ಅದೇ ಕೀಲಿ ಕೈಯಲ್ಲಿರಬೇಕು. ಆ ಕೀಲಿ ದತ್ತಾಂಶ ಓದಿದವನ ಹತ್ತಿರ ಇರುತ್ತದೆಯೇ ಹೊರತು, ಹತ್ತು ಫಂಕ್ಷನ್ ಆಚೆ ಎಕ್ಸೆಪ್ಷನ್ ಹಿಡಿದವನ ಹತ್ತಿರ ಇರೋದಿಲ್ಲ.

ಹಾಗಾಗಿ ಬೈಟನ್ನು ಪಠ್ಯ ಮಾಡುವ ಕೆಲಸ ಓದುವ ಬಾಗಿಲಲ್ಲೇ ಮುಗಿಯಬೇಕು. ಎಕ್ಸೆಪ್ಷನ್‌ಗೆ ತಲುಪುವಷ್ಟರಲ್ಲಿ ಅದು ಪಠ್ಯವಾಗಿರಬೇಕು. ಹಾಗಂತ ಎಕ್ಸೆಪ್ಷನ್ ಒಳಗೆ ಬೈಟ್ ಇರಲೇಬಾರದು ಅಂತ ನಾವು ಹೇಳುತ್ತಿಲ್ಲ. ಪೈಥಾನ್‌ನ ಯೂನಿಕೋಡ್ ಡಿಕೋಡ್ ಎರರ್ ತಾನೇ ತನ್ನೊಳಗೆ ಕೆಟ್ಟ ಬೈಟ್‌ಗಳನ್ನು ಇಟ್ಟುಕೊಳ್ಳುತ್ತದೆ, ಎಲ್ಲಿಂದ ಎಲ್ಲಿವರೆಗೆ ಕೆಟ್ಟಿದೆ ಅಂತಲೂ ಹೇಳುತ್ತದೆ. ಅದು ಸಾಕ್ಷಿ, ಪೊಲೀಸರು ಚೀಲದಲ್ಲಿ ಕಟ್ಟಿಡುವ ವಸ್ತುವಿನ ಹಾಗೆ. ಆದರೆ ಅದರ ಮಾತು ಪಠ್ಯದಲ್ಲೇ ಇರುತ್ತದೆ. ಸಾಕ್ಷಿ ಬೇರೆ, ಹೇಳಿಕೆ ಬೇರೆ. ಹೊರಗಿನ ಪ್ರೋಗ್ರಾಮ್ ಕರೆಯುವ ಸಬ್‌ಪ್ರೊಸೆಸ್‌ನ ಕಾಲ್ಡ್‌ಪ್ರೊಸೆಸ್‌ಎರರ್ ಕೂಡ ಪೈಥಾನ್ 3ರಲ್ಲಿ ನೀವು ಪಠ್ಯ ಬೇಕು ಅಂತ ಕೇಳದಿದ್ದರೆ ಔಟ್‌ಪುಟ್ ಅನ್ನು ಬೈಟ್ ಆಗಿಯೇ ಕೊಡುತ್ತದೆ. ಅದನ್ನು ನೇರ ಲಾಗ್‌ಗೆ ಸುರಿದರೆ ಮತ್ತದೇ ಇರುವೆ ಸಾಲು. ಅಂದರೆ ಪೈಥಾನ್ 2 ಸತ್ತರೂ ಈ ಕಾಯಿಲೆ ಸತ್ತಿಲ್ಲ.

ನಾವು ಮಾಡಿದ ತಿದ್ದುಪಡಿ ಚಿಕ್ಕದು. ಕ್ಲಾಸ್ ಪಠ್ಯವನ್ನಷ್ಟೇ ತೆಗೆದುಕೊಳ್ಳುತ್ತದೆ. ಅಪ್ಪಿತಪ್ಪಿ ಬೈಟ್ ಬಂದರೆ ಯುಟಿಎಫ್-8 ಅಂತ ಓದಿ, ಓದೋಕಾಗದ ಬೈಟನ್ನು ಮಾತ್ರ ಬ್ಯಾಕ್‌ಸ್ಲ್ಯಾಷ್‌ನಿಂದ ಬರೆದು, ಮೂಲವನ್ನು ಪಕ್ಕಕ್ಕೆ ಎತ್ತಿಡುತ್ತದೆ. ಸ್ವಂತ ಸ್ಟರ್ ಬರೆಯಲಿಲ್ಲ. ಬರೆದು ಅದರಿಂದ ಬೈಟ್ ಹಿಂದಿರುಗಿಸಿದರೆ ಪೈಥಾನ್ 3 ಟೈಪ್‌ಎರರ್ ಎಸೆದು, ದೋಷದ ಮೇಲೆ ದೋಷದ ಹಳೇ ಕಥೆ ಶುರುವಾಗುತ್ತದೆ. (ಈಗ ಸರಪಳಿ ಇದೆ, ಮೊದಲನೆಯದು ಕಳೆದುಹೋಗಲ್ಲ, ಅಷ್ಟು ಸಮಾಧಾನ.) ಕಾರಣದ ಪದವನ್ನು ಹೋಲಿಸುವುದನ್ನೇ ಬಿಟ್ಟು, ಉದ್ದದ ದೋಷಕ್ಕೆ ಬೇರೆ ಕ್ಲಾಸ್ ಮಾಡಿದೆವು. ಇದನ್ನು ಸೀನಿಯರ್‌ಗಳೂ ಅವತ್ತೇ ಮಾಡಬಹುದಿತ್ತು, ಈ ಒಂದು ವಿಷಯದಲ್ಲಿ ನಾವು ಸೋಲಲ್ಲ.

ಲಾಗ್‌ನ ಕತ್ತರಿ ಬೈಟ್ ಎಣಿಸದೆ ಪಠ್ಯ ಎಣಿಸುವಂತೆಯೂ ನೋಡಿಕೊಂಡೆವು. ಬಿಡುವಿಲ್ಲದೆ ಬರೆದ ಕನ್ನಡವನ್ನು 100 ಬೈಟ್‌ಗೆ ಕತ್ತರಿಸಿದರೆ 33 ಚಿಹ್ನೆಗೆ 99 ಹೋಗಿ, ನೂರನೆಯದಾಗಿ ಒಂಟಿ 224 ನಿಂತುಬಿಡುತ್ತದೆ. ಮುಂದೆ ಓದುವವನಿಗೆ ಅದು ಇನ್ನೊಂದು ಎರರ್.

ನಮಗೆ ಹೊಟ್ಟೆ ಉರಿಯೋದು ಯಾವುದಕ್ಕೆ ಗೊತ್ತಾ? ಇದೆಲ್ಲ ಮೊದಲೇ ಸಿಗುತ್ತಿತ್ತು. ಪೈಥಾನ್ ಓಡಿಸುವಾಗ ಒಂದು ಅಡ್ಡಗೆರೆ ಹಾಕಿ ಬಿ ಅಂತ ಕೊಟ್ಟರೆ, ಬೈಟನ್ನು ಪಠ್ಯದ ಜೊತೆ ಹೋಲಿಸಿದಾಗಲೂ ಬೈಟ್ ಮೇಲೆ ಸ್ಟರ್ ಕರೆದಾಗಲೂ ಎಚ್ಚರಿಸುತ್ತದೆ. ಎರಡು ಬಿ ಕೊಟ್ಟರೆ ಎಚ್ಚರಿಕೆ ಅಲ್ಲ, ಎರರ್ ಕೊಟ್ಟು ನಿಲ್ಲಿಸುತ್ತದೆ. ನಮ್ಮ ಎರಡೂ ತಪ್ಪು, ಹೊಂದದ ಹೋಲಿಕೆ ಮತ್ತು ಲಾಗ್‌ನ ಇರುವೆ ಸಾಲು, ಎರಡೂ ಅದಕ್ಕೆ ಸಿಗುತ್ತಿದ್ದವು. ಆದರೆ ಒಂದು ಷರತ್ತು: ದೋಷದ ದಾರಿಯಲ್ಲಿ ಪ್ರೋಗ್ರಾಮ್ ಒಮ್ಮೆಯಾದರೂ ನಡೆಯಬೇಕು, ಉದ್ದದ ಕನ್ನಡ ಹೆಸರು ಹಾಕಿ. ಲ್ಯಾಬ್ ರೆಕಾರ್ಡ್‌ಗೆ ಬರೆಯುವ ಪ್ರೋಗ್ರಾಮ್‌ಗಳಲ್ಲಿ ನಾವು ಕೊಡುವ ಇನ್‌ಪುಟ್ ನೋಡಿ: ಎಬಿಸಿ, ಎಕ್ಸ್‌ವೈಝಡ್, ಟೆಸ್ಟ್1. ನಾಲ್ಕು ವರ್ಷದಲ್ಲಿ ಒಂದು ಸಲವೂ ನಮ್ಮ ಹೆಸರನ್ನು ನಮ್ಮ ಲಿಪಿಯಲ್ಲಿ ನಮ್ಮದೇ ಪ್ರೋಗ್ರಾಮ್‌ಗೆ ಕೊಡದವರು, ಕಂಪನಿಗೆ ಹೋದ ಮೇಲೆ ಕೊಡ್ತೀವಾ?

ಪೈಥಾನ್ 3 ಬೈಟ್‌ಗೂ ಪಠ್ಯಕ್ಕೂ ನಡುವೆ ಗೋಡೆ ಕಟ್ಟಿದ್ದು ಅತಿಯಾಯಿತು ಅಂತ ಬಯ್ಯುವವರು ಇದ್ದಾರೆ. ಇಂಗ್ಲಿಷ್ ಮಾತ್ರ ಬಳಸುವವರಿಗೆ ಹಾಗೆ ಅನ್ನಿಸುವುದು ಸಹಜ, ಏಕೆಂದರೆ ಅವರ ಪಾಲಿಗೆ ಹಳೇ ಬೆರಕೆಯೂ ನಡೆಯುತ್ತಿತ್ತು. ನಮಗೆ ನಡೆಯುತ್ತಿರಲಿಲ್ಲ. ನಮ್ಮ ದೂರು ಬೇರೆ: ಎಕ್ಸೆಪ್ಷನ್ ವಿಷಯದಲ್ಲಿ ಆ ಗೋಡೆ ಇನ್ನೂ ಸ್ವಲ್ಪ ಎತ್ತರ ಇರಬೇಕಿತ್ತು. ಬೈಟ್ ಕೊಟ್ಟು ಎಕ್ಸೆಪ್ಷನ್ ಕಟ್ಟಿದಾಗಲೇ ಬೇಡ ಅನ್ನಬಹುದಿತ್ತು, ಅನ್ನಲಿಲ್ಲ.

ಕೊನೆಗೆ ಪಟ್ಟಿ ಹಿಡಿದು ಮೂವರು ಶಿವರಾಜರನ್ನೂ ಹುಡುಕಿ ಕೇಳಿದೆವು. ನಾಲ್ಕೂ ಪ್ರಮಾಣಪತ್ರ ಮತ್ತೆ ಅಚ್ಚಾದವು. ಟೆಸ್ಟ್ ಫೈಲ್‌ನಲ್ಲಿ ಈಗ ಹನ್ನೆರಡು ಕನ್ನಡ ಹೆಸರಿವೆ, ಮೂರು ಪದದವು, ಒತ್ತಕ್ಷರ ತುಂಬಿದವು. ಜೊತೆಗೆ "ರ‍್ಯಾಂಕ್" ಅನ್ನುವ ಪದವೂ ಒಂದು. ಅದರೊಳಗಿನ ಕಾಣದ ಜೋಡಿಕೆಯ ಚಿಹ್ನೆ ಕನ್ನಡ ವಿಭಾಗದ್ದಲ್ಲ, ಅದರ ಮೊದಲ ಬೈಟ್ 226. ಆಶುಭಾಷಣದ ಹುಡುಗಿ ತನ್ನದನ್ನು ತಗೊಂಡು ಎರಡು ಸಲ ಓದಿದಳು. "ಅಕ್ಕಾ, ಅಪ್ಪಾರ ಹೆಸರಿನ್ಯಾಗ ಒಂದು ಒತ್ತು ಬಿಟ್ಟೀರಿ ನೋಡ್ರಿ" ಅಂದಳು. ಅದು ಬೈಟ್ ತಪ್ಪಲ್ಲ, ಪಟ್ಟಿ ಟೈಪ್ ಮಾಡಿದ ನಮ್ಮ ತಪ್ಪು. ಐದನೇ ಪ್ರತಿ ಸೋಮವಾರ ಅಚ್ಚಿಗೆ ಹೋಗುತ್ತಿದೆ.